ವಾಟ ಕೊಡುವ ವಿಧಾನ: ಮನೆ ಯಜಮಾನರ ಕೈಪಿಡಿ

ಬಳಸುವ ಮುನ್ನ

ಪಶ್ಚಿಮ ಬೆಂಗಳೂರಿನಲ್ಲಿ ಸೈಟು ಕೊಂಡಿದ್ದಕ್ಕೆ ಅಭಿನಂದನೆಗಳು. ಸೈಟಿನ ಜೊತೆ ನಿಮಗೊಂದು ವಾಟವೂ ಪುಕ್ಕಟೆಯಾಗಿ ಬಂದಿದೆ. ಕ್ರಯಪತ್ರ ತಿರುವಿ ಹಾಕಿದರೆ ಅದು ಸಿಗುವುದಿಲ್ಲ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಷ್ಟನೇ ನಂಬರಿನ ಸೈಟು, ಉತ್ತರಕ್ಕೆ ಇಂಥವರ ಸ್ವತ್ತು, ದಕ್ಷಿಣಕ್ಕೆ ಇನ್ನಿಂಥವರ ಸ್ವತ್ತು ಎಂದು ಬರೆದಿರುತ್ತಾರೆ. ಮೇಲ್ಗಡೆ ಯಾರಿದ್ದಾರೆ, ತಗ್ಗಿನಲ್ಲಿ ಯಾರಿದ್ದಾರೆ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. ಮೊದಲ ದೊಡ್ಡ ಮಳೆ ಬಂದು ಕೇಳುತ್ತದೆ.

ಈ ಕೈಪಿಡಿ ರಾಜಾಜಿನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಒಡೆದು ನಾಲ್ಕು ಮಹಡಿ ಎಬ್ಬಿಸುತ್ತಿರುವವರಿಗೆ, ವಿಜಯನಗರ, ಬಸವೇಶ್ವರನಗರಗಳಲ್ಲಿ ಬಚ್ಚಲುಮನೆ ಕಿತ್ತು ಹೊಸ ಟೈಲ್ಸ್ ಹಾಕಿಸುತ್ತಿರುವವರಿಗೆ, ಕೆಂಗೇರಿಯಾಚೆಯ ಲೇಔಟಿನಲ್ಲಿ ಪಾಯ ತೋಡಿಸುತ್ತಿರುವವರಿಗೆ. ಬಾಡಿಗೆದಾರರು ನೇರವಾಗಿ ‘ದೋಷ ನಿವಾರಣೆ’ಗೆ ಹೋಗಬಹುದು. ಕರ್ಮ ಮಾಲೀಕರದು, ಫಲ ಮಾತ್ರ ನಿಮ್ಮದು.

ಪೆಟ್ಟಿಗೆಯಲ್ಲಿ ಏನೇನಿದೆ

ಎರಡು ಅಂಕಿ, ನಡುವೆ ಒಂದು ಗೀಟು. ಗೀಟಿನ ಮೇಲಿರುವುದು ಎಷ್ಟು ಇಳಿಯಿತು ಎಂಬುದು. ಕೆಳಗಿರುವುದು ಎಷ್ಟು ದೂರ ಹೋಗಿ ಇಳಿಯಿತು ಎಂಬುದು. ಬೇರೆ ಬಿಡಿಭಾಗಗಳಿಲ್ಲ, ಬ್ಯಾಟರಿ ಬೇಡ. ಪಿಯುಸಿಯಲ್ಲಿ ಗಣಿತ ಓದಿದವರು ಇದನ್ನು ‘ಎಂ’ ಎಂಬ ಹೆಸರಿನಲ್ಲಿ ಬಲ್ಲರು. ವೈ ಎರಡರಲ್ಲಿ ವೈ ಒಂದನ್ನು ಕಳೆದು, ಬಂದದ್ದನ್ನು ಎಕ್ಸ್‌ಗಳ ವ್ಯತ್ಯಾಸದಿಂದ ಭಾಗಿಸಿ, ಅಂಕ ಗಿಟ್ಟಿಸಿಕೊಂಡು ಮರೆತಿದ್ದಾರೆ. ಆ ‘ಎಂ’ ಈಗ ನಾಲ್ಕಿಂಚಿನ ಪಿವಿಸಿ ಪೈಪಿನ ವೇಷದಲ್ಲಿ ನಿಮ್ಮ ಹಿತ್ತಲಿಗೆ ಬಂದು ಬಿದ್ದಿದೆ.

ಶಾಸ್ತ್ರಕ್ಕೆ ಒಂದು ಮಾತು: ಇಲ್ಲಿ ದೂರ ಎಂದರೆ ಅಡ್ಡ ಅಳತೆ, ಪೈಪಿನ ಮೈಯುದ್ದವಲ್ಲ. ಚರಂಡಿ ಪೈಪಿನ ಮಟ್ಟಿಗೆ ಆ ಗೊಡವೆ ಬೇಡ. 12 ಮೀಟರ್ ಪೈಪನ್ನು 40ಕ್ಕೆ 1ರಂತೆ ಮಲಗಿಸಿದರೆ ಎರಡು ಅಳತೆಗಳ ನಡುವೆ 4 ಮಿಲಿಮೀಟರ್ ವ್ಯತ್ಯಾಸವೂ ಬರುವುದಿಲ್ಲ. ಗಣಿತದ ಮೇಷ್ಟ್ರು ಒಪ್ಪದಿದ್ದರೆ ಅವರ ಮನೆಯಲ್ಲಿ ಬೇರೆ ಲೆಕ್ಕ ಇಟ್ಟುಕೊಳ್ಳಲಿ.

ಎಚ್ಚರಿಕೆ: ಈ ಉತ್ಪನ್ನವನ್ನು ಎರಡು ಅಂಕಿಗಳೊಂದಿಗೇ ಬಳಸತಕ್ಕದ್ದು. ಒಂದೇ ಅಂಕಿಯಿಂದ ಬಳಸುವುದು ಹೀಗಿರುತ್ತದೆ:

‘ವಾಟ ಎಷ್ಟು ಕೊಟ್ಟಿದ್ದೀರ ಮೇಸ್ತ್ರಿ?’

‘ಒಂದೂವರೆ ಇಂಚು ಕೊಟ್ಟಿದೀನಿ ಸಾರ್.’

‘ಸಾಕಾ?’

‘ಧಾರಾಳ ಆಯ್ತು ಸಾರ್. ನೀರು ಹಂಗೇ ಜಾರ್ಕೊಂಡು ಹೋಯ್ತದೆ.’

ಇಬ್ಬರಿಗೂ ಸಮಾಧಾನ. ಕಾಫಿ ಬರುತ್ತದೆ. ಒಂದೂವರೆ ಇಂಚು ಎಷ್ಟು ದೂರಕ್ಕೆ ಎಂದು ಯಾರೂ ಕೇಳಲಿಲ್ಲ. ಅದು ಐದು ಅಡಿಗೆ ಕೊಟ್ಟ ಒಂದೂವರೆ ಇಂಚಾದರೆ 40ಕ್ಕೆ 1, ನೀರು ಓಡುತ್ತದೆ. ಹಿತ್ತಲಿನಿಂದ ಗೇಟಿನವರೆಗೆ 40 ಅಡಿಗೆ ಕೊಟ್ಟದ್ದಾದರೆ 320ಕ್ಕೆ 1, ನೀರು ಕೂರುತ್ತದೆ. ನೀರಿನ ಜೊತೆ ಹೊರಟಿದ್ದದ್ದೂ ಕೂರುತ್ತದೆ. ನಿಲ್ಲಿಸಿದ ಬೋಗಿಗಳು ತಾವಾಗಿ ಉರುಳಿ ಹೋಗದಿರಲಿ ಎಂದು ರೈಲ್ವೆಯವರು ಯಾರ್ಡಿನ ಇಳಿಜಾರು 400ಕ್ಕೆ 1ರ ಮೇಲೆ ಹೋಗಬಾರದು ಎಂಬ ನಿಯಮ ಇಟ್ಟುಕೊಂಡಿದ್ದಾರೆ. ಅಂದರೆ ಇಟ್ಟದ್ದು ಅಲ್ಲಾಡಬಾರದು ಎಂದು ಕೆಂಗೇರಿ ಸ್ಟೇಷನ್ನಿನಲ್ಲಿ ಏನು ಮಾಡುತ್ತಾರೋ ಹೆಚ್ಚುಕಡಿಮೆ ಅದನ್ನೇ ನಿಮ್ಮ ಮೇಸ್ತ್ರಿ ಶೌಚಾಲಯದ ಪೈಪಿಗೆ ಮಾಡಿದ್ದಾರೆ. ನಿಮಗೆ ಬೇಕಾದದ್ದು ಯಾರ್ಡಲ್ಲ, ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲು ಇಳಿಯುವ ಕಡಿದಾದ ದಾರಿ 50ಕ್ಕೆ 1. ನಾಲ್ಕಿಂಚಿನ ಪೈಪು ಅದರ ಸ್ವಲ್ಪ ಆಚೀಚೆ ಇರಬೇಕು.

ಎಷ್ಟಿರಬೇಕು

ಬ್ರಿಟಿಷರ ಕಾಲದಿಂದ ಬಂದ ಬಾಯಿಲೆಕ್ಕ ಒಂದಿದೆ. ಪೈಪಿನ ಇಂಚನ್ನು ಹತ್ತರಿಂದ ಗುಣಿಸಿ. ನಾಲ್ಕಿಂಚಿಗೆ 40ಕ್ಕೆ 1, ಆರಿಂಚಿಗೆ 60ಕ್ಕೆ 1, ಒಂಬತ್ತಿಂಚಿಗೆ 90ಕ್ಕೆ 1. ನಮ್ಮ ಭಾರತೀಯ ಮಾನಕ ಇನ್ನೂ ಸ್ವಲ್ಪ ಸಡಿಲ ಬಿಟ್ಟು 100 ಮಿ.ಮೀ. ಪೈಪಿಗೆ ಕನಿಷ್ಠ 57ಕ್ಕೆ 1, 150 ಮಿ.ಮೀ. ಪೈಪಿಗೆ 100ಕ್ಕೆ 1 ಎನ್ನುತ್ತದೆ. ಅಮೆರಿಕದವರದು ಅಡಿಗೆ ಕಾಲಿಂಚು, ಅಂದರೆ 48ಕ್ಕೆ 1. ಮಗ ಸಿಯಾಟಲ್‌ನಿಂದ ವೀಡಿಯೊ ಕಾಲ್‌ನಲ್ಲಿ ‘ಅಪ್ಪಾ, ಇಲ್ಲಿ ಹೀಗಲ್ಲ’ ಎಂದರೆ ಹೆದರಬೇಡಿ, ಮೂರೂ ಒಂದೇ ಊರಿನ ಅಕ್ಕಪಕ್ಕದ ಬೀದಿಗಳು.

ಇನ್ನು ನಿಮ್ಮ 30-40 ಸೈಟಿಗೆ ಬರೋಣ. ಹಿಂದಿನ ಗೋಡೆಯಿಂದ ರಸ್ತೆಯವರೆಗೆ 40 ಅಡಿ. ಬಾಯಿಲೆಕ್ಕದ ಪ್ರಕಾರ ಪೈಪು ಸರಿಯಾಗಿ ಒಂದು ಅಡಿ ಇಳಿಯಬೇಕು. ಅಮೆರಿಕದ ಲೆಕ್ಕದಲ್ಲಿ 10 ಇಂಚು. ಮಾನಕದ ಕನಿಷ್ಠ ಲೆಕ್ಕದಲ್ಲಿ ಎಂಟೂವರೆ ಇಂಚು. ಎಂಟೂವರೆಗಿಂತ ಕಮ್ಮಿಗೆ ಯಾರಾದರೂ ‘ಧಾರಾಳ’ ಎಂದರೆ ಕಾಫಿ ಕೊಟ್ಟು, ಕೆಲಸ ನಿಲ್ಲಿಸಿ.

57 ಎಂಬ ಅಂಕಿಯಲ್ಲಿ ಒಂದು ಮಜಾ ಇದೆ. 57ಕ್ಕೆ 1 ಎಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಡಿಗ್ರಿ. ಈಗಿನ ಹುಡುಗರು ಮೊಬೈಲನ್ನು ಪೈಪಿನ ಮೇಲಿಟ್ಟು ‘ಒಂದು ಡಿಗ್ರಿ ತೋರಿಸ್ತಿದೆ ಅಂಕಲ್, ಪರ್ಫೆಕ್ಟ್’ ಎನ್ನುತ್ತಾರೆ. ಮೊಬೈಲು ಅರ್ಧ ಡಿಗ್ರಿ ಸುಳ್ಳು ಹೇಳಿದರೆ ಅದು ನಿಮ್ಮ ವಾಟದ ಅರ್ಧ ಆಸ್ತಿ. ಕ್ಯಾಮೆರಾ ಉಬ್ಬಿರುವ ಮೊಬೈಲನ್ನು ಬೋರಲು ಹಾಕಿ ಚರಂಡಿ ಅಳೆಯುವವರ ಜೊತೆ ವಾದಕ್ಕಿಳಿಯಬೇಡಿ, ಸುಮ್ಮನೆ ಫೋನ್ ತಿರುಗಿಸಿಟ್ಟು ಮತ್ತೊಮ್ಮೆ ಓದಲು ಹೇಳಿ. ಎರಡು ಸಲಕ್ಕೆ ಎರಡು ಉತ್ತರ ಬಂದರೆ ವಿಷಯ ಇತ್ಯರ್ಥವಾದಂತೆ. ಶೇಕಡಾ ಲೆಕ್ಕದವರೂ ಇದ್ದಾರೆ. ‘ನೂರು ಪರ್ಸೆಂಟ್ ಸ್ಲೋಪ್’ ಎಂದರೆ ನೆಟ್ಟಗೆ ಕೆಳಕ್ಕೆ ಎಂದು ಅವರ ಭಾವನೆ. ನೂರಕ್ಕೆ ನೂರು ಇಳಿದರೆ ಅದು 45 ಡಿಗ್ರಿ. ನೆಟ್ಟಗೆ ಬೀಳುವುದಕ್ಕೆ ಪರ್ಸೆಂಟೇ ಇಲ್ಲ, ಗೀಟಿನ ಕೆಳಗೆ ಸೊನ್ನೆ ಬಂದು ಲೆಕ್ಕ ಕೈಚೆಲ್ಲುತ್ತದೆ.

ವಾಟ ಯಾಕೆ ಇಷ್ಟೇ ಬೇಕು? ಪೈಪಿನೊಳಗೆ ನೀರು ಸೆಕೆಂಡಿಗೆ 0.6 ಮೀಟರ್, ಅಂದರೆ ಸುಮಾರು ಎರಡಡಿಯಾದರೂ ಓಡಿದರೆ ತನ್ನ ಜೊತೆಗಿರುವ ಗಟ್ಟಿ ಪದಾರ್ಥವನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕಿಂತ ನಿಧಾನವಾದರೆ ಬಿಟ್ಟು ಹೋಗುತ್ತದೆ. ಹಾಗಾದರೆ ವಾಟ ಡಬಲ್ ಮಾಡಿಬಿಟ್ಟರೆ ವೇಗವೂ ಡಬಲ್ ಆಗುತ್ತದಲ್ಲ ಎನ್ನುತ್ತೀರಿ. ಆಗುವುದಿಲ್ಲ. ವೇಗ ವಾಟದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡರಷ್ಟಾಗಬೇಕಾದರೆ ವಾಟ ನಾಲ್ಕರಷ್ಟಾಗಬೇಕು, 40 ಅಡಿಗೆ ಒಂದಡಿಯ ಬದಲು ನಾಲ್ಕಡಿ ಅಗೆಯಬೇಕು. ಅಗೆಯುವ ಕೂಲಿಯನ್ನು ಮಾತ್ರ ಯಾರೂ ವರ್ಗಮೂಲದಲ್ಲಿ ತೆಗೆದುಕೊಳ್ಳುವುದಿಲ್ಲ.

‘ಹಂಗಾದ್ರೆ ಆರಿಂಚು ಪೈಪೇ ಹಾಕ್ಬಿಡಿ ಸಾರ್, ದೊಡ್ಡದಾದ್ರೆ ಕಟ್ಕೊಳ್ಳಲ್ಲ’ ಎಂಬ ಸಲಹೆಯೂ ಬರುತ್ತದೆ. ದೊಡ್ಡ ಪೈಪಿಗೆ ಕಮ್ಮಿ ವಾಟ ಸಾಕೆಂಬುದು ಅದರ ತುಂಬ ನೀರು ಬರುವಾಗಿನ ಮಾತು. ನಾಲ್ಕು ಜನರ ಸಂಸಾರದ ನೀರನ್ನು ದೊಡ್ಡ ಪೈಪಿಗೆ ಬಿಟ್ಟರೆ ಅದು ತಳದಲ್ಲಿ ತೆಳ್ಳಗೆ ಹರಡಿಕೊಂಡು, ಎಳೆಯುವ ಶಕ್ತಿ ಇಲ್ಲದೆ ಸೋಲುತ್ತದೆ. ನೀರು ತುಂಬ ಇದ್ದರೆ ವಾಟ ಎಷ್ಟು ಕಮ್ಮಿ ಸಾಕು ಎಂಬುದಕ್ಕೆ ರೋಮನ್ನರು ಸಾಕ್ಷಿ. ಫ್ರಾನ್ಸಿನ ನೀಮ್ ಪಟ್ಟಣಕ್ಕೆ ಅವರು ಕಟ್ಟಿದ ಕಾಲುವೆ ಸುಮಾರು 50 ಕಿಲೋಮೀಟರಿಗೆ ಇಳಿಯುವುದು ಹನ್ನೆರಡೂವರೆ ಮೀಟರ್ ಚಿಲ್ಲರೆ, ಹತ್ತಿರ ಹತ್ತಿರ 4000ಕ್ಕೆ 1. ನಮ್ಮವರೇನೂ ಕಮ್ಮಿಯಿಲ್ಲ. ವಿಜಯನಗರ ಬಡಾವಣೆಯ ಹಂಪಿನಗರದವರು ರಜೆಯಲ್ಲಿ ನಿಜವಾದ ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಹತ್ತಿರ ಪುಷ್ಕರಣಿಗೆ ನೀರು ತರುವ ಕಲ್ಲುಕಾಲುವೆಯನ್ನು ಸೆಲ್ಫಿ ಬಿಟ್ಟು ಒಮ್ಮೆ ಕಣ್ಣಿಟ್ಟು ನೋಡಬೇಕು. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿ ಜೋಡಿಸಿ, ಅಷ್ಟುದ್ದಕ್ಕೂ ವಾಟ ಕೆಡದಂತೆ ನೋಡಿಕೊಂಡಿದ್ದಾರೆ. ಅವರು ಹರಿಸಿದ್ದು ತಿಳಿನೀರು. ನಿಮ್ಮ ಪೈಪಿನಲ್ಲಿ ಹರಿಯುವುದು ಏನೆಂದು ಇಲ್ಲಿ ಬಿಡಿಸಿ ಹೇಳುವುದು ಬೇಡ.

ಅಳೆಯುವ ವಿಧಾನ

ರಸಮಟ್ಟ ಟೈಲ್ಸಿಗೆ, ಬಾಗಿಲ ದಾರಂದಕ್ಕೆ ಸರಿ. 40 ಅಡಿಗೆ ಬೇಕಾದದ್ದು ಟ್ಯೂಬ್ ಲೆವೆಲ್, ಅಂದರೆ ಬೆರಳು ದಪ್ಪದ, ಒಳಗಿನ ನೀರು ಕಾಣುವ ಪೈಪು. ಬೆಲೆ ಅತಿ ಕಡಿಮೆ, ಆದ್ದರಿಂದ ಇಂಜಿನಿಯರುಗಳು ಹೊಸ ಕಟ್ಟಡಕ್ಕೆ ಲೇಸರ್ ತಂದು ನಿಲ್ಲಿಸಿದಾಗಲೂ ಮೇಸ್ತ್ರಿ ಇದನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡೇ ಬರುತ್ತಾರೆ.

ಮೊದಲ ಕೆಲಸ ಗುಳ್ಳೆ ಓಡಿಸುವುದು. ಪೈಪಿನ ನಡುವೆ ಕಡಲೆಕಾಳಿನಷ್ಟು ಗಾಳಿ ಸಿಕ್ಕಿಕೊಂಡರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ಬರುವುದಿಲ್ಲ. ಮೇಸ್ತ್ರಿ ಪೈಪನ್ನು ಬೆಳಕಿಗೆ ಎತ್ತಿ ಹಿಡಿದು, ಉಗುರಿನಲ್ಲಿ ಟಪಟಪ ಬಡಿಯುತ್ತ, ಗುಳ್ಳೆಯನ್ನು ಅಂಗುಲ ಅಂಗುಲವಾಗಿ ಬಾಯಿಯವರೆಗೆ ಮೇಯಿಸಿಕೊಂಡು ಹೋಗುತ್ತಾರೆ. ಆಮೇಲೆ ಒಂದು ತುದಿ ಹಿತ್ತಲ ಗೋಡೆಗೆ, ಇನ್ನೊಂದು ತುದಿ ಹೆಲ್ಪರ್ ಹುಡುಗನ ಕೈಯಲ್ಲಿ ಗೇಟಿನ ಕಂಬಕ್ಕೆ. ಇಬ್ಬರೂ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿರುತ್ತಾರೆ. ನಡುವೆ ಇಡೀ ಮನೆ ಅಡ್ಡ ಇದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಾಗಾಗಿ ಉಳಿದದ್ದೆಲ್ಲ ಕೂಗಿನಲ್ಲಿ ನಡೆಯುತ್ತದೆ.

‘ಬಿಡ್ಲಾ?’

‘ಬಿಡೋ.’

ನೀರು ಒಮ್ಮೆ ಏರಿ, ಒಮ್ಮೆ ಇಳಿದು, ತೂಗಾಡಿ ತೂಗಾಡಿ ನಿಲ್ಲುತ್ತದೆ.

‘ನಿಂತ್ಕೊಂತಾ?’

‘ನಿಂತ್ಕೊಂತಣ್ಣ.’

‘ಮಾರ್ಕ್ ಹಾಕು.’

ಕಿವಿಯ ಮೇಲಿದ್ದ ಪೆನ್ಸಿಲ್ಲು ಕೆಳಗಿಳಿಯುತ್ತದೆ. ಹುಡುಗನ ಹತ್ತಿರ ಪೆನ್ಸಿಲ್ ಇರುವುದಿಲ್ಲ, ಇಟ್ಟಿಗೆ ಚೂರಿನಲ್ಲಿ ಗೀಚುತ್ತಾನೆ. ಅವನ ಗೀಟು ಕಾಲಿಂಚು ದಪ್ಪ ಇರುತ್ತದೆ, ಗೀಟಿನ ಮೇಲಂಚೋ ಕೆಳಂಚೋ ಎಂದು ಆಗಲೇ ಕೇಳಿಟ್ಟುಕೊಳ್ಳಿ. ಈ ಎರಡು ಗೀಟುಗಳು ಒಂದೇ ಎತ್ತರ. ಹಿತ್ತಲ ಗೀಟಿನಿಂದ ಪೈಪಿನವರೆಗೆ ಟೇಪು ಹಿಡಿದಾಗ ಎರಡಡಿ ಬಂದು, ಗೇಟಿನ ಗೀಟಿನಿಂದ ಹಿಡಿದಾಗ ಮೂರಡಿ ಬಂದರೆ ನಿಮ್ಮ ಒಂದಡಿ ಇಳಿತ ಸಿಕ್ಕಿತು. ಗೇಟಿನ ಕಡೆ ಅಳತೆ ಕಮ್ಮಿ ಬಂದರೆ ಅದಕ್ಕೆ ಉಲ್ಟಾ ವಾಟ ಎನ್ನುತ್ತಾರೆ. ಪಿಯುಸಿಯಲ್ಲಿ ಋಣ ಚಿಹ್ನೆ ಬಿಟ್ಟರೆ ಅರ್ಧ ಅಂಕ ಹೋಗುತ್ತಿತ್ತು, ಇಲ್ಲಿ ಶೌಚಾಲಯವೇ ಹೋಗುತ್ತದೆ.

ತುದಿ ತುದಿ ಸರಿ ಬಂದ ಮಾತ್ರಕ್ಕೆ ಎದ್ದು ಹೋಗಬೇಡಿ. ಭಾಗಾಕಾರಕ್ಕೆ ಗೊತ್ತಿರುವುದು ಎರಡು ತುದಿಗಳು ಮಾತ್ರ, ನಡುವೆ ಏನಾಗಿದೆ ಎಂದು ಅದು ಹೇಳುವುದಿಲ್ಲ. ಮೆತ್ತನೆಯ ಮಣ್ಣಿನ ಮೇಲೆ ಮಲಗಿಸಿದ ಪೈಪು ನಡುವೆ ಕುಸಿದು ಹೊಟ್ಟೆ ಬಿಟ್ಟಿರುತ್ತದೆ. 40 ಅಡಿಗೆ ಒಂದಡಿ ಲೆಕ್ಕ ಪಕ್ಕಾ, ಆದರೆ ಇಪ್ಪತ್ತನೇ ಅಡಿಯಲ್ಲಿ ನೀರು ಏರಬೇಕಾಗಿ ಬಂದಿದೆ. ಇದಕ್ಕೆ ಮದ್ದು, ಇಡೀ ಉದ್ದವನ್ನು ಒಮ್ಮೆಗೇ ಅಳೆಯದೆ ತುಂಡು ತುಂಡಾಗಿ ಅಳೆಯುವುದು. ಕಲನಶಾಸ್ತ್ರ ಹುಟ್ಟಿದ್ದು ಇದೇ ಬುದ್ಧಿಯಿಂದ. ನಿಮಗೆ ಅಷ್ಟು ಸಣ್ಣ ತುಂಡು ಬೇಡ, 10 ಅಡಿ ಸಾಕು. 10 ಅಡಿಯ ಅಲ್ಯುಮಿನಿಯಂ ಬಾಕ್ಸನ್ನು ಪೈಪಿನ ಮೇಲಿಟ್ಟು, ಅದರ ತಗ್ಗಿನ ತುದಿಗೆ ಮೂರಿಂಚು ದಪ್ಪದ ಇಟ್ಟಿಗೆಯೊಂದನ್ನು ಮಲಗಿಸಿ ಕೊಡಿ. ಬಾಕ್ಸಿನ ಮೇಲಿನ ರಸಮಟ್ಟದ ಗುಳ್ಳೆ ನಡುವಿಗೆ ಬಂದರೆ 40ಕ್ಕೆ 1. ಬಾಕ್ಸು ಪೈಪಿನ ಮೈಗೆ ತಾಗಬೇಕು, ಸಾಕೆಟ್ಟಿನ ಉಬ್ಬಿಗಲ್ಲ.

ವಾಸ್ತುವಿನೊಂದಿಗೆ ಹೊಂದಾಣಿಕೆ

ಇದು ಕೈಪಿಡಿಯ ಅತಿ ಸೂಕ್ಷ್ಮ ಭಾಗ. ಮನೆಯ ಹಿರಿಯರು ಮಲಗಿದ ಮೇಲೆ ಓದಿಕೊಳ್ಳಿ.

ವಾಸ್ತು ಪಂಡಿತರ ಪ್ರಕಾರ ನೈಋತ್ಯ ಎತ್ತರವಿರಬೇಕು, ಈಶಾನ್ಯ ತಗ್ಗಿರಬೇಕು. ನೀರು ಈಶಾನ್ಯದ ಕಡೆ ಹರಿದರೆ ಐಶ್ವರ್ಯ, ನೈಋತ್ಯದ ಕಡೆ ಹರಿದರೆ ಸರ್ವನಾಶ. ತೊಂದರೆ ಏನೆಂದರೆ, ಪಶ್ಚಿಮ ಬೆಂಗಳೂರಿನ ನೀರನ್ನೆಲ್ಲ ಒಯ್ಯುವ ವೃಷಭಾವತಿ ನದಿ ವಾಸ್ತು ಗ್ರಂಥ ಓದಿಲ್ಲ. ಆಕೆ ನಾಯಂಡಹಳ್ಳಿ ದಾಟಿ, ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿಯ ಕಡೆ ಸಾಗುವುದು ನೈಋತ್ಯಕ್ಕೆ. ಶತಮಾನಗಳಿಂದ ಇದೇ ಚಾಳಿ. ಹೀಗಾಗಿ ಈ ಭಾಗದ ಎಷ್ಟೋ ಸೈಟುಗಳು ತಗ್ಗಿರಬಾರದ ಕಡೆಯೇ ತಗ್ಗಿ ಕೂತಿವೆ.

ದಕ್ಷಿಣಕ್ಕೆ ರಸ್ತೆ ಇರುವ 30-40 ಸೈಟು ತೆಗೆದುಕೊಳ್ಳಿ. ಶೌಚಾಲಯ ವಾಯವ್ಯದಲ್ಲಿ, ಅದಕ್ಕೆ ಪಂಡಿತರ ಒಪ್ಪಿಗೆಯಿದೆ. ಅಲ್ಲಿಂದ ಪಶ್ಚಿಮದ ಗೋಡೆಗುಂಟ ನೇರ ಬಂದರೆ 40 ಅಡಿಗೆ ರಸ್ತೆ, ಒಂದಡಿ ಇಳಿತ, ಕೆಲಸ ಮುಗಿಯಿತು. ಆದರೆ ಆ ದಾರಿ ನೈಋತ್ಯ ಮೂಲೆಯನ್ನು ಹಾಯುತ್ತದೆ. ಕೂಡದು. ಆದ್ದರಿಂದ ಪೈಪು ಉತ್ತರದ ಗೋಡೆಗುಂಟ 30 ಅಡಿ ಹೋಗಿ, ಈಶಾನ್ಯದಲ್ಲಿ ದೇವಮೂಲೆಗೆ ಮುಟ್ಟಿಯೂ ಮುಟ್ಟದಂತೆ ತಿರುಗಿ, ಪೂರ್ವದ ಗೋಡೆಗುಂಟ 40 ಅಡಿ ಬಂದು, ಆಗ್ನೇಯದಲ್ಲಿ ರಸ್ತೆ ಸೇರುತ್ತದೆ. ಮನೆಗೆ ಪ್ರದಕ್ಷಿಣೆ. ಒಟ್ಟು 70 ಅಡಿ. ಇಳಿತ 21 ಇಂಚು. ತಿರುವಿಗೊಂದು ಚೇಂಬರ್ ಬೇರೆ.

ಈ ಕೈಪಿಡಿ ಯಾರ ಶ್ರದ್ಧೆಗೂ ಅಡ್ಡ ಬರುವುದಿಲ್ಲ. ಅದರ ಬೆಲೆ ಎಷ್ಟೆಂದು ಮಾತ್ರ ಹೇಳುತ್ತದೆ: 9 ಇಂಚು. ರಸ್ತೆಯ ಮ್ಯಾನ್‌ಹೋಲು ಅಷ್ಟು ಆಳವಿದ್ದರೆ ಧಾರಾಳವಾಗಿ ತೆತ್ತು ಐಶ್ವರ್ಯವಂತರಾಗಿ. ಇಲ್ಲದಿದ್ದರೆ ಆ 9 ಇಂಚನ್ನು ಮೇಸ್ತ್ರಿ ನಿಮಗೆ ಹೇಳದೆಯೇ 70 ಅಡಿಗೆ ಹಂಚಿ ನುಂಗುತ್ತಾರೆ. ಒಂದಡಿ ಇಳಿತ 70 ಅಡಿಗೆ ಎಂದರೆ 70ಕ್ಕೆ 1. ಪಂಡಿತರೂ ಖುಷಿ, ಮೇಸ್ತ್ರಿಯೂ ಖುಷಿ. ಇಬ್ಬರೂ ಆ ಮನೆಯಲ್ಲಿ ವಾಸ ಮಾಡುವುದಿಲ್ಲ.

ದೋಷ ನಿವಾರಣೆ

ಬಚ್ಚಲಲ್ಲಿ ನೀರು ನಿಲ್ಲುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಚ್ಚಲಿನ ಮಟ್ಟಿಗೆ ನೆಲ ಡೊಂಕಾಗಿಯೇ ಇರಬೇಕು, ಆದರೆ ಎಣಿಸಿಟ್ಟ ಡೊಂಕು. ಎಂಟಡಿ ಉದ್ದದ ಬಚ್ಚಲಿಗೆ ಬಾಗಿಲಿನಿಂದ ಟ್ರ್ಯಾಪಿನವರೆಗೆ ಒಂದಿಂಚು ಇಳಿದರೆ 96ಕ್ಕೆ 1, ಅಷ್ಟು ಸಾಕು. ತೊಡಕು ಬರುವುದು ಟೈಲ್ಸ್ ಆರಿಸುವಾಗ. ಅಂಗಡಿಯಲ್ಲಿ ಎರಡಡಿಗೆ ನಾಲ್ಕಡಿಯ ಟೈಲ್ಸ್ ನೋಡಿ ಮನೆಯವರೆಲ್ಲ ಮರುಳಾಗುತ್ತಾರೆ. ಟ್ರ್ಯಾಪಿನ ಕಡೆಗೆ ನಾಲ್ಕು ದಿಕ್ಕಿನಿಂದಲೂ ವಾಟ ಬರಬೇಕು, ಅಷ್ಟು ದೊಡ್ಡ ಬಿಲ್ಲೆ ನಾಲ್ಕು ದಿಕ್ಕಿಗೆ ಬಗ್ಗುವುದಿಲ್ಲ. ಟೈಲ್ಸ್ ಕೆಲಸದವರು ಒಂದೇ ಕಡೆ ವಾಟ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಉಳಿದ ಮೂಲೆಗಳಲ್ಲಿ ನಿಮ್ಮ ಮನೆಯವರು ಜೀವಮಾನವಿಡೀ ವೈಪರ್ ಎಳೆಯುತ್ತಾರೆ. ಹಳೇ ರಾಜಾಜಿನಗರದ ಮನೆಗಳ ಕೆಂಪು ಗಾರೆಯ ಬಚ್ಚಲನ್ನು ನೋಡಿದ್ದರೆ ಗೊತ್ತಿರುತ್ತದೆ, ಅಂಗೈಯಲ್ಲಿ ತೀಡಿ ಕೊಟ್ಟ ವಾಟ ಅದು, ಒಂದು ತಂಬಿಗೆ ನೀರು ಹುಯ್ದರೂ ತಾನಾಗಿ ಮೂಲೆಯ ತೂಬು ಹುಡುಕಿಕೊಂಡು ಹೋಗುತ್ತಿತ್ತು.

ರಸ್ತೆ ಮನೆಗಿಂತ ಮೇಲಾಗಿದೆ. ಮನೆ ತಗ್ಗಿಲ್ಲ, ರಸ್ತೆ ಬೆಳೆದಿದೆ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದು ಹಾಕುತ್ತ ಬಂದರೆ ರಸ್ತೆಗೆ ವಯಸ್ಸಾದಂತೆ ಎತ್ತರವೂ ಬರುತ್ತದೆ. ಅಪ್ಪನ ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಮಗ ಒಂದು ಮೆಟ್ಟಿಲು ಇಳಿದು ಹೋಗುತ್ತಾನೆ. ಪೈಪಿನ ಎರಡು ತುದಿಯೂ ಇದ್ದಲ್ಲೇ ಇವೆ, ವಾಟವೂ ಕೆಟ್ಟಿಲ್ಲ. ಆದರೆ ಬೀದಿಯ ಮ್ಯಾನ್‌ಹೋಲಿನ ಮುಚ್ಚಳ ಈಗ ನಿಮ್ಮ ಬಚ್ಚಲಿಗಿಂತ ಮೇಲಿದೆ. ಅದು ಕಟ್ಟಿಕೊಂಡು ತುಂಬಿದ ದಿನ ಮುಚ್ಚಳ ಎತ್ತಿ ಉಕ್ಕುವ ಮೊದಲೇ ನಿಮ್ಮ ಟ್ರ್ಯಾಪಿನಲ್ಲಿ ಉಕ್ಕುತ್ತದೆ. ಜಾಕ್ ಕೊಟ್ಟು ಇಡೀ ಮನೆಯನ್ನೇ ಮೂರು ಅಡಿ ಎತ್ತಿಕೊಡುವ ಕಂಪನಿಗಳು ಊರಿನಲ್ಲಿವೆ. ರಸ್ತೆ ಕೆರೆಯುವುದಕ್ಕಿಂತ ಮನೆ ಎತ್ತುವುದು ಸುಲಭ ಎಂಬ ತೀರ್ಮಾನಕ್ಕೆ ನಾವು ಬಂದಾಗಿದೆ.

ಕಾರು ಒಳಗೆ ಹೋಗುವುದಿಲ್ಲ. ಮೇಲಿನ ಭಯಕ್ಕೆ ಪಾಯವನ್ನು ರಸ್ತೆಗಿಂತ ಎರಡಡಿ ಎತ್ತರಿಸಿದ್ದೀರಿ. ವೀಲ್‌ಚೇರಿನ ರ‍್ಯಾಂಪಿಗೆ ನಿಯಮ 12ಕ್ಕೆ 1. ಆ ಲೆಕ್ಕ ಹಿಡಿದರೆ ಎರಡಡಿ ಏರಲು 24 ಅಡಿ ಬೇಕು. ನಿಮ್ಮಲ್ಲಿರುವುದು ಮೂರಡಿ. ಮಿಕ್ಕ ಓಟವನ್ನು ಸರ್ಕಾರಿ ಜಾಗದಲ್ಲಿ, ಮೋರಿಯ ಮೇಲೆ ಚಪ್ಪಡಿ ಎಳೆದು ಪಡೆದುಕೊಳ್ಳುತ್ತೀರಿ. ಬೀದಿಯಲ್ಲಿ ಪ್ರತಿ ಮನೆಯವರೂ ಹೀಗೆ ಓಟ ಕದ್ದರೆ ಫುಟ್‌ಪಾತು ಅಲೆ ಅಲೆಯಾಗಿ ಏಳುತ್ತದೆ, ಮೋರಿಗೆ ಗುದ್ದಲಿ ಹಾಕಲು ಜಾಗವಿರುವುದಿಲ್ಲ, ನಡೆಯುವ ಅಜ್ಜಿ ನಡುರಸ್ತೆಗೆ ಬರುತ್ತಾರೆ.

ಮಳೆ ಬಂದಾಗ ಮಾತ್ರ ಚೇಂಬರ್ ಉಕ್ಕುತ್ತದೆ. ತಾರಸಿಯ ನೀರಿನ ಪೈಪನ್ನು ಒಳಚರಂಡಿಯ (ಯುಜಿಡಿ) ಚೇಂಬರಿಗೆ ಬಿಟ್ಟಿದ್ದೀರಿ. ಒಪ್ಪಿಕೊಳ್ಳದಿದ್ದರೂ ಪರವಾಗಿಲ್ಲ, ಎದುರುಮನೆಯವರೂ ಬಿಟ್ಟಿದ್ದಾರೆ. ಈ ಊರಿನಲ್ಲಿ ಮಳೆನೀರಿಗೆ ಬೇರೆ ದಾರಿ, ಕೊಳಚೆಗೆ ಬೇರೆ ದಾರಿ. ಕೊಳಚೆಯ ಪೈಪಿನ ಗಾತ್ರ ಗೊತ್ತುಮಾಡಿದ್ದು ನೀವು ಸ್ನಾನ ಮಾಡುವ ಲೆಕ್ಕದಲ್ಲಿ, ಮೋಡ ಒಡೆಯುವ ಲೆಕ್ಕದಲ್ಲಲ್ಲ. ಮಳೆನೀರು ಕೊಯ್ಲನ್ನು ಬೆಂಗಳೂರಿನಲ್ಲಿ 2009ರಲ್ಲಿ ಕಾನೂನಿನಿಂದ ಕಡ್ಡಾಯ ಮಾಡಿದ್ದಾರೆ. ಆ ಪೈಪು ಹೋಗಬೇಕಾದದ್ದು ಸಂಪಿಗೆ ಅಥವಾ ಇಂಗುಗುಂಡಿಗೆ. ಇಲ್ಲಿ ವಾಟದ್ದೇನೂ ತಪ್ಪಿಲ್ಲ. ಚೇಂಬರು ಹತ್ತಿರ ಇತ್ತು, ತಗ್ಗಿನಲ್ಲಿತ್ತು, ಪೈಪು ಕಮ್ಮಿ ಹಿಡಿಯಿತು, ಅಷ್ಟೇ.

ನಿಮ್ಮ ವಾಟ ಎಲ್ಲಿಗೆ ಹೋಗುತ್ತದೆ

ಗೇಟು ದಾಟಿದ ಮೇಲೆ ಅದು ನಮ್ಮದಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಪೂರ್ವದ ಮಗ್ಗುಲಿನ ನೀರು ದಕ್ಷಿಣ ಪಿನಾಕಿನಿಯ ಪಾಲು. ಪಶ್ಚಿಮದ ನಮ್ಮ ನೀರು ವೃಷಭಾವತಿಯಲ್ಲಿ ಕೆಂಗೇರಿ ದಾಟಿ, ಬಿಡದಿ ಕಡೆಯ ಬೈರಮಂಗಲ ಕೆರೆಗೆ ಇಳಿದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಒಂದು ಯೂನಿಟ್ ಕರೆಂಟು ಬೇಡ.

ಮೇಲೆ ಬರುವುದಕ್ಕೆ ಬೇಕು. ನಲ್ಲಿಯಲ್ಲಿ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತದೆ. ಗೀಟಿನ ಮೇಲೂ ಕೆಳಗೂ ಇಟ್ಟು ಭಾಗಿಸಿ: 200ಕ್ಕೆ 1, ಏರುವಾಟ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಅಂದಿನಿಂದ ನಾವು ಕಾವೇರಿಯನ್ನು ಕರೆಂಟು ಕೊಟ್ಟು ಹತ್ತಿಸಿಕೊಂಡು, ಸ್ನಾನ ಮಾಡಿ, ವಾಟ ಕೊಟ್ಟು ಕಾವೇರಿಗೇ ಇಳಿಸುತ್ತಿದ್ದೇವೆ. ಕೆಳಗೆ ಬೈರಮಂಗಲದ ಸುತ್ತಿನ ರೈತರು ನಮ್ಮ ವಾಟದ ಫಲವನ್ನು ಮೂಗು ಮುಚ್ಚಿಕೊಂಡು ಅನುಭವಿಸುತ್ತಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ಕೆರೆ ಅಂಗಳ, ತೋಟ, ಖಾಲಿ ಸೈಟುಗಳಿದ್ದಾಗ ನಮ್ಮ ದಿಣ್ಣೆಯ ಮಳೆ ನಿಂತು, ಇಂಗಿ, ಮಿಕ್ಕದ್ದು ನಿಧಾನಕ್ಕೆ ಇಳಿಯುತ್ತಿತ್ತು. ಈಗ ಕಾಂಕ್ರೀಟಿನ ಮೇಲೆ, ನಾವೆಲ್ಲ ಕಷ್ಟಪಟ್ಟು ಕೊಟ್ಟ ಒಳ್ಳೊಳ್ಳೆಯ ವಾಟದ ಮೇಲೆ, ಎಲ್ಲರ ನೀರೂ ಒಂದೇ ಗಳಿಗೆಯಲ್ಲಿ ತಗ್ಗಿಗೆ ಬಂದು ನಿಲ್ಲುತ್ತದೆ. ಓಕಳೀಪುರಂ ಅಂಡರ್‌ಪಾಸಿನಲ್ಲಿ ಸಿಕ್ಕಿಕೊಂಡವರಿಗೆ ಇದು ಗೊತ್ತು. ಕುರುಬರಹಳ್ಳಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. 2017ರಲ್ಲಿ ಅಲ್ಲಿಯ ರಾಜಕಾಲುವೆ ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಮನುಷ್ಯರನ್ನು ಕೊಚ್ಚಿಕೊಂಡು ಹೋಯಿತು. ಆ ನೀರಿನಲ್ಲಿ ಮೇಲಿನ ಬೀದಿಗಳ ತಾರಸಿಗಳದೆಲ್ಲ ಪಾಲಿತ್ತು.

ಸರ್ವೀಸ್ ಮತ್ತು ವಾರಂಟಿ

ವಾರಂಟಿ ಇಲ್ಲ. ವಾಟವನ್ನು ಸರಿ ಮಾಡಲು ಇರುವ ಅವಕಾಶ ಮಣ್ಣು ಮುಚ್ಚುವವರೆಗೆ ಮಾತ್ರ. ಪಾಯ ತೋಡುವ ಮುಂಚೆಯೇ ರಸ್ತೆಯ ಮ್ಯಾನ್‌ಹೋಲಿನ ತಳ ಎಷ್ಟು ಆಳದಲ್ಲಿದೆ ಎಂದು ಜಲಮಂಡಳಿಯವರಿಂದ ತಿಳಿದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದು ಮನೆಯ ನೆಲ ಗೊತ್ತುಮಾಡಿ. ಹೆಚ್ಚಿನವರು ನೆಲದಿಂದ ಶುರು ಮಾಡಿ ಮ್ಯಾನ್‌ಹೋಲಿನಲ್ಲಿ ಹಣೆ ಚಚ್ಚಿಕೊಳ್ಳುತ್ತಾರೆ. ಪೈಪು ಜೋಡಿಸಿದ ದಿನ ಹಿತ್ತಲ ಚೇಂಬರಿಗೆ ಎರಡು ಬಕೆಟ್ ನೀರು ಸುರಿದು, ಗೇಟಿನ ಹತ್ತಿರ ನಿಂತು, ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮಣ್ಣು ಎಳೆಸಿ.

ಅಷ್ಟಾಗಿಯೂ ಕಟ್ಟಿಕೊಂಡರೆ, ಕೆಟ್ಟ ವಾಟದ ಕೊನೆಯ ಬಿಲ್ಲು ಮೇಸ್ತ್ರಿಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಐನೂರು ರೂಪಾಯಿಗೆ ಒಳಗೆ ಇಳಿಯಲು ಒಪ್ಪುವ ಯಾವನೋ ಬಡವನಿಗೆ ಬರುತ್ತದೆ, ಒಳಗಿನ ಗಾಳಿ ಅವನನ್ನು ನಿಮಿಷದಲ್ಲಿ ಕೊಲ್ಲಬಲ್ಲದು. ಒಳಚರಂಡಿಯ ಅಪಾಯದ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಸ್ತೆಯ ಮ್ಯಾನ್‌ಹೋಲ್ ತುಂಬಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಯಂತ್ರ ತರಿಸಿ. ಒಳಗೆ ಯಾರನ್ನೂ ಇಳಿಸಬೇಡಿ.